ಒಂದೇ ಬ್ಯಾಂಡಿನ ರಿಸೀವರ್ ಅನ್ನು ಮೂಲೆಗೆ ತಳ್ಳುವ ಮುನ್ನ

ಮಾನ್ಯ ಸಂಪಾದಕರಿಗೆ,

ಉಪಗ್ರಹಗಳ ನೆರವಿನಿಂದ ಸ್ಥಾನ ಗುರುತಿಸುವ ಸಾಧನಗಳ ಕುರಿತು ಪತ್ರಿಕೆಗಳ ತಂತ್ರಜ್ಞಾನ ಪುಟಗಳನ್ನು ಓದುವವರಿಗೆ ಒಂದು ಮಾತು ಚೆನ್ನಾಗಿ ಪರಿಚಯವಾಗಿರುತ್ತದೆ. ನಿಖರತೆ ಬೇಕಿದ್ದರೆ ಎರಡು ಬ್ಯಾಂಡಿನ (ಎಂದರೆ ಉಪಗ್ರಹದ ಎರಡು ಆವರ್ತನಪಟ್ಟಿಗಳ ಸಿಗ್ನಲ್ ಹಿಡಿಯುವ) ರಿಸೀವರ್ ಕೊಳ್ಳಬೇಕು, ಒಂದೇ ಬ್ಯಾಂಡಿನದು ಹಳೆಯ ಕಾಲದ್ದು, ಅದು ನಾಲ್ಕೈದು ಮೀಟರ್ ಆಚೀಚೆ ತೋರಿಸುವುದು ಸಹಜ ಎಂಬುದು ಆ ಮಾತು. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ತಿಳಿಯದೆ ಹೋದರೆ, ಇರುವ ಸಾಧನದಿಂದಲೇ ಆಗಬಹುದಾದ ಕೆಲಸಕ್ಕೆ ಹೊಸದೊಂದನ್ನು ಕೊಂಡು, ಅದನ್ನೂ ಹಳೆಯದರ ಹಾಗೆಯೇ ಗೋಡೆಯ ಪಕ್ಕದಲ್ಲಿಟ್ಟು, ಅದೇ ತಪ್ಪು ಅಳತೆಯನ್ನು ಮತ್ತೊಮ್ಮೆ ಪಡೆದಂತಾಗುತ್ತದೆ. ಆ ಉಳಿದರ್ಧದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೋರುತ್ತೇನೆ.

ಎರಡನೆಯ ಬ್ಯಾಂಡ್ ನಿಜಕ್ಕೂ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಅಗ್ಗದ ರಿಸೀವರ್‌ಗಳು ಕೇಳಿಸಿಕೊಳ್ಳುವುದು ಎಲ್1 ಎಂಬ ಬ್ಯಾಂಡನ್ನು; ಜಿಪಿಎಸ್‌ನಲ್ಲಿ ಅದರ ಆವರ್ತನ 1575.42 ಮೆಗಾಹರ್ಟ್ಸ್. ಈ ಸಿಗ್ನಲ್ ನೆಲಕ್ಕೆ ಬರುವ ದಾರಿಯಲ್ಲಿ ಅಯಾನುಗೋಳವನ್ನು, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರವನ್ನು, ದಾಟಬೇಕು, ಮತ್ತು ಅಲ್ಲಿರುವ ಬಿಡಿ ಎಲೆಕ್ಟ್ರಾನುಗಳು ಅದನ್ನು ತಡಮಾಡುತ್ತವೆ. ಈ ತಡ ಆವರ್ತನದ ವರ್ಗಕ್ಕೆ ವಿಲೋಮ ಅನುಪಾತದಲ್ಲಿ ಇರುವುದರಿಂದ, 1227.60 ಮೆಗಾಹರ್ಟ್ಸ್‌ನ ಎಲ್2 ಅಥವಾ 1176.45 ಮೆಗಾಹರ್ಟ್ಸ್‌ನ ಎಲ್5 ಬ್ಯಾಂಡಿನ ಅಳತೆಯೂ ಸಿಕ್ಕರೆ, ಎರಡನ್ನೂ ತಾಳೆ ನೋಡಿ ತಡವೆಷ್ಟೆಂದು ಲೆಕ್ಕ ಹಾಕಿ ಕಳೆದುಬಿಡಬಹುದು. ಜೊತೆಗೆ ಎಲ್5ರ ಕೋಡ್ (ದೂರ ಅಳೆಯಲು ಸಿಗ್ನಲಿನ ಮೇಲೆ ಹೊರಿಸಿದ ಅಂಕಿಗಳ ಸರಣಿ) ಎಲ್1ರ ಸಾರ್ವಜನಿಕ ಕೋಡಿಗಿಂತ ಹತ್ತು ಪಟ್ಟು ವೇಗವಾಗಿ ಓಡುವುದರಿಂದ, ನೇರವಾಗಿ ಬಂದ ಸಿಗ್ನಲನ್ನು ಗೋಡೆಗೆ ತಾಗಿ ಬಂದದ್ದರಿಂದ ಬೇರ್ಪಡಿಸುವುದು ಅದರಲ್ಲಿ ಸುಲಭ. ಇವು ದೊಡ್ಡ ಲಾಭಗಳೇ. ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಉಪಗ್ರಹದ ಗಡಿಯಾರ ಮತ್ತು ಕಕ್ಷೆಯ ದೋಷ, ನೆಲಕ್ಕೆ ಹತ್ತಿರದ ಹವೆಯಿಂದಾಗುವ ತಡ, ಆಕಾಶದಲ್ಲಿ ಉಪಗ್ರಹಗಳು ಒಂದೇ ಕಡೆ ಗುಂಪುಗೂಡಿರುವುದರಿಂದ ಬರುವ ತೊಂದರೆ, ಆಂಟೆನಾ ಇಟ್ಟ ಜಾಗದ ದೋಷ, ಇವು ಯಾವುದನ್ನೂ ಎರಡನೆಯ ಬ್ಯಾಂಡ್ ತಾನಾಗಿ ಗುಣಪಡಿಸುವುದಿಲ್ಲ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಸಾಗುವ ಲೆಕ್ಕದಲ್ಲಿ, ಎಲ್ಲೇ ಆಗಲಿ ಹತ್ತು ನ್ಯಾನೋಸೆಕೆಂಡ್ ತಪ್ಪಿದರೆ ಮೂರು ಮೀಟರ್ ಹೋಯಿತು.

ಅಯಾನುಗೋಳದ ತಡಕ್ಕೆ ಒಂದೇ ಬ್ಯಾಂಡಿನ ರಿಸೀವರ್ ಬಳಿ ಇರುವ ಮದ್ದು ಕ್ಲೋಬುಚಾರ್ ಮಾದರಿ. ಜಿಪಿಎಸ್ ಉಪಗ್ರಹಗಳು ತಮ್ಮ ಸಂದೇಶದ ಜೊತೆಗೇ 8 ಗುಣಾಂಕಗಳನ್ನು ಪ್ರಸಾರ ಮಾಡುತ್ತವೆ. ರಿಸೀವರ್ ಅವುಗಳಿಂದ ಆ ಹೊತ್ತಿನ, ಆ ಜಾಗದ ತಡವನ್ನು ಅಂದಾಜಿಸುತ್ತದೆ. ಸ್ಥಳೀಯ ಕಾಲಮಾನ ಮಧ್ಯಾಹ್ನ ಎರಡು ಗಂಟೆಗೆ ತಡ ಗರಿಷ್ಠ, ರಾತ್ರಿಯೆಲ್ಲ 5 ನ್ಯಾನೋಸೆಕೆಂಡಿನಷ್ಟು ಸ್ಥಿರ ಎಂದು ಹಿಡಿಯುವ ಸರಳ ಲೆಕ್ಕ ಅದು. ಇಡೀ ಭೂಮಿಗೆ ಎಂಟು ಅಂಕಿಗಳಲ್ಲಿ ಎಷ್ಟು ಹೇಳಲು ಸಾಧ್ಯವೋ ಅಷ್ಟನ್ನು ಅದು ಹೇಳುತ್ತದೆ. ಸುಮಾರು ಅರ್ಧದಷ್ಟು ದೋಷವನ್ನು ತೆಗೆಯುತ್ತದೆ, ಉಳಿದರ್ಧ ನಮಗೆ ಬಿಟ್ಟದ್ದು. ಯುರೋಪಿನ ಗೆಲಿಲಿಯೋ ಉಪಗ್ರಹ ವ್ಯವಸ್ಥೆ ಬಳಸುವ ನೆಕ್ವಿಕ್ ಮಾದರಿ ಇದಕ್ಕಿಂತ ಸೂಕ್ಷ್ಮವಾದದ್ದು. ಇಲ್ಲಿ ಖರ್ಚಿಲ್ಲದ ಉಪಾಯವೊಂದಿದೆ, ಅದು ಹೊತ್ತು ನೋಡಿ ಅಳೆಯುವುದು. ಬೆಳಗಿನ ಜಾವಕ್ಕೆ ಮುನ್ನ ಅಯಾನುಗೋಳ ಅತ್ಯಂತ ತೆಳುವಾಗಿರುತ್ತದೆ. ಅದೇ ಜಾಗದಲ್ಲಿ ನಡುಹಗಲಿನಲ್ಲಿ, ಅದೂ 11 ವರ್ಷಗಳ ಸೌರಚಕ್ರ ಏರಿರುವ ವರ್ಷಗಳಲ್ಲಿ, ನೆತ್ತಿಯ ಮೇಲಿನ ಉಪಗ್ರಹಕ್ಕೂ ತಡ ಹತ್ತು ಮೀಟರ್ ದಾಟಬಹುದು. ದಿಗಂತಕ್ಕೆ ಹತ್ತಿರದ ಉಪಗ್ರಹಕ್ಕೆ ಇದು ಸುಮಾರು ಮೂರು ಪಟ್ಟಾಗುತ್ತದೆ. ಭೂಕಾಂತೀಯ ಸಮಭಾಜಕದ ಎರಡೂ ಬದಿಯ ಪಟ್ಟಿಯಲ್ಲಿ ಇನ್ನೊಂದು ಕಾಟವಿದೆ: ಸೂರ್ಯ ಮುಳುಗಿದ ಮೇಲೆ ನಡುರಾತ್ರಿಯವರೆಗೆ ಅಯಾನುಗೋಳದಲ್ಲಿ ಏಳುವ ಅಸಮತೆಗಳು ಸಿಗ್ನಲನ್ನು ಮಿನುಗಿಸುತ್ತವೆ. ಆ ಹೊತ್ತಿನಲ್ಲಿ ಎರಡು ಬ್ಯಾಂಡಿನ ರಿಸೀವರ್ ಕೂಡ ಹಿಡಿತ ತಪ್ಪುವುದುಂಟು.

ಆದರೂ ನನ್ನ ಅಭಿಪ್ರಾಯದಲ್ಲಿ ಬಹುಪಾಲು ಬಳಕೆದಾರರ ಮೀಟರ್‌ಗಳು ಕಳೆದುಹೋಗುವುದು ಮೇಲಿನ ಆಕಾಶದಲ್ಲಲ್ಲ, ಆಂಟೆನಾದ ಸುತ್ತಮುತ್ತಲಿನ ನಾಲ್ಕಾರು ಮಾರು ಜಾಗದಲ್ಲಿ. ಉಪಗ್ರಹದ ಸಿಗ್ನಲ್ ನೆಲ ಮುಟ್ಟುವ ಹೊತ್ತಿಗೆ ಅದರ ಬಲ ರಿಸೀವರ್‌ನ ಸ್ವಂತ ಗದ್ದಲಕ್ಕಿಂತಲೂ ಕೆಳಗಿರುತ್ತದೆ. ಕೋಡಿನ ವಿನ್ಯಾಸ ಗೊತ್ತಿರುವುದರಿಂದ ಮಾತ್ರ ಅದನ್ನು ಹೆಕ್ಕಿ ತೆಗೆಯಲಾಗುತ್ತದೆ. ಇಂಥ ಕ್ಷೀಣ ಸಿಗ್ನಲ್ ನೇರವಾಗಿಯೂ, ಗೋಡೆ, ನೆಲ, ತಗಡಿನ ಚಾವಣಿಗೆ ತಾಗಿ ಸುತ್ತು ಹಾಕಿಯೂ ಬಂದರೆ, ರಿಸೀವರ್ ಎರಡರ ಬೆರಕೆಯನ್ನು ಅಳೆಯುತ್ತದೆ. ಅಗ್ಗದ ಆಂಟೆನಾಗಳಲ್ಲಿ ಸಾಮಾನ್ಯವಾದದ್ದು ಪಿಂಗಾಣಿಯ ಚಿಕ್ಕ ಚೌಕವಿರುವ ಪ್ಯಾಚ್ ಆಂಟೆನಾ. ಆಯಸ್ಕಾಂತದಿಂದ ಕಾರಿನ ಮೇಲೆ ಅಂಟಿಕೊಳ್ಳುವ ಆಂಟೆನಾದ ಒಳಗೆ ಇರುವುದೂ ಅದೇ, ಮತ್ತು ಅದರ ಕೆಳಗೆ ಲೋಹದ ಹಾಳೆ ಇದ್ದೇ ಇರುತ್ತದೆ ಎಂದು ನಂಬಿ ಅದನ್ನು ರೂಪಿಸಿರುತ್ತಾರೆ. ಜನ ಅದನ್ನು ಪ್ಲಾಸ್ಟಿಕ್ ಡಬ್ಬಿಯ ಮೇಲೋ ಮರದ ಕೋಲಿನ ತುದಿಗೋ ಕಟ್ಟಿ ಅಳತೆಗೆ ತೊಡಗುತ್ತಾರೆ. ಕೆಳಗೆ ಹತ್ತು ಸೆಂಟಿಮೀಟರ್ ಅಥವಾ ಇನ್ನೂ ಕೊಂಚ ಅಗಲದ ಒಂದು ಲೋಹದ ತಟ್ಟೆಯನ್ನಿಟ್ಟು ಅದರ ನಡುವೆ ಆಂಟೆನಾ ಕೂರಿಸಿದರೆ, ನೆಲದಿಂದ ಮೇಲಕ್ಕೆ ಪುಟಿದು ಬರುವ ಸಿಗ್ನಲ್ ಬಹಳಷ್ಟು ತಗ್ಗುತ್ತದೆ, ಉಪಗ್ರಹಗಳ ಸಿಗ್ನಲ್ ಬಲದ ಅಂಕಿ ಪರದೆಯ ಮೇಲೆಯೇ ಏರುವುದು ಕಾಣುತ್ತದೆ. ತೆರೆದ ಆಕಾಶದಲ್ಲಿ ಎತ್ತರದ ಉಪಗ್ರಹಗಳು 45 ಡೆಸಿಬೆಲ್-ಹರ್ಟ್ಸ್ ಆಸುಪಾಸು ತೋರಿಸದಿದ್ದರೆ ಆಂಟೆನಾದಲ್ಲೋ, ಕೇಬಲ್ಲಿನಲ್ಲೋ, ಪಕ್ಕದಲ್ಲಿರುವ ಕಂಪ್ಯೂಟರ್ ಅಥವಾ ಕ್ಯಾಮೆರಾದ ವಿದ್ಯುತ್ ಗದ್ದಲದಲ್ಲೋ ಏನೋ ಐಬಿದೆ ಎಂದೇ ಅರ್ಥ.

ಜಾಗದ ಐಬನ್ನು ಕಣ್ಣಾರೆ ನೋಡಬಹುದು. ರಿಸೀವರ್ ಅನ್ನು ಕದಲಿಸದೆ ಕೆಲವು ಗಂಟೆ ದಾಖಲಿಸಿ, ಪ್ರತಿ ಸೆಕೆಂಡಿನ ಸ್ಥಾನವನ್ನೂ ಒಂದು ಚುಕ್ಕೆಯಾಗಿ ಹಾಳೆಯ ಮೇಲೆ ಮೂಡಿಸಿದರೆ, ಬಯಲಿನಲ್ಲಿ ಆ ಚುಕ್ಕೆಗಳ ಗುಂಪು ಹೆಚ್ಚುಕಡಿಮೆ ದುಂಡಗಿರುತ್ತದೆ. ಎತ್ತರದ ಗೋಡೆಯ ಪಕ್ಕದಲ್ಲಾದರೆ ಅದೇ ಗುಂಪು ಗೋಡೆಯ ಕಡೆಗೂ ಅದರ ಎದುರು ದಿಕ್ಕಿಗೂ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಗೋಡೆಗೆ ಸಮಾನಾಂತರವಾಗಿ ಅಷ್ಟು ಹರಡುವುದಿಲ್ಲ. ಗೋಡೆಯ ಹಿಂದಿನ ಅರ್ಧ ಆಕಾಶ ಮರೆಯಾದ್ದರಿಂದ, ಆ ದಿಕ್ಕಿನ ದೂರವನ್ನೂ ರಿಸೀವರ್‌ನ ಗಡಿಯಾರದ ತಪ್ಪನ್ನೂ ಬೇರ್ಪಡಿಸಲು ಎದುರು ಬದಿಯ ಉಪಗ್ರಹಗಳು ಸಿಗದೆ ಹೀಗಾಗುತ್ತದೆ. ಚುಕ್ಕೆಗಳು ಮೂರು ನಾಲ್ಕು ಕಡೆ ಗುಡ್ಡೆಯಾಗಿ, ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ ಪ್ರತಿಫಲಿತ ಸಿಗ್ನಲ್ ಒಳನುಗ್ಗುತ್ತಿದೆ ಎಂದು ತಿಳಿಯಬೇಕು. ಇಂಥ ಒಂದು ಹಾಳೆ, ಮಾರಾಟಗಾರರ ಹತ್ತು ಕೈಪಿಡಿಗಳಿಗಿಂತ ಹೆಚ್ಚು ಹೇಳುತ್ತದೆ.

ರಿಸೀವರ್‌ನ ಒಳಗಿನ ಹೊಂದಿಕೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿಗಂತದಿಂದ 10 ಅಥವಾ 15 ಡಿಗ್ರಿಗಿಂತ ಕೆಳಗಿನ ಉಪಗ್ರಹಗಳನ್ನು ಕೈಬಿಡುವಂತೆ ಹೇಳಬಹುದು. ಜಿಪಿಎಸ್ ಜೊತೆಗೆ ಗೆಲಿಲಿಯೋ, ಚೀನಾದ ಬೈಡೌ, ರಷ್ಯಾದ ಗ್ಲೋನಾಸ್‌ಗಳನ್ನೂ ಸೇರಿಸಿಕೊಂಡರೆ ಆಕಾಶ ತುಂಬಿ ಜ್ಯಾಮಿತಿ ಸುಧಾರಿಸುತ್ತದೆ, ಮತ್ತು ಒಂದೇ ಬ್ಯಾಂಡ್ ಎಂದರೆ ಒಂದೇ ವ್ಯವಸ್ಥೆ ಎಂದಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಚಲನೆಯ ಮಾದರಿ ಎಂಬ ಹೊಂದಿಕೆ ಕೆಲಸಕ್ಕೆ ತಕ್ಕಂತಿರಬೇಕು. ನಿಂತ ಸಾಧನಕ್ಕೆ ವಾಹನದ ಮಾದರಿ ಕೊಟ್ಟರೆ ಅದು ಇಲ್ಲದ ಓಟವನ್ನು ಊಹಿಸುತ್ತದೆ. ವೇಗ ತಗ್ಗಿದ ಕೂಡಲೇ ಸ್ಥಾನವನ್ನು ಹಿಡಿದು ನಿಲ್ಲಿಸುವ ಸೌಲಭ್ಯ ಕೆಲವು ರಿಸೀವರ್‌ಗಳಲ್ಲಿದೆ. ಅದರಿಂದ ಪರದೆಯ ಮೇಲಿನ ಚುಕ್ಕೆ ಅಲ್ಲಾಡದೆ ನಿಲ್ಲುತ್ತದೆ, ಆದರೆ ಸರಿಯಾದ ಜಾಗದಲ್ಲೇ ನಿಂತಿದೆ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ.

ಸರಾಸರಿಯ ಬಗ್ಗೆ ಇರುವ ತಪ್ಪು ತಿಳಿವಳಿಕೆ ಇದಕ್ಕಿಂತ ಆಳವಾದದ್ದು. ಸೆಕೆಂಡಿಗೊಂದರಂತೆ ಹತ್ತು ನಿಮಿಷ ದಾಖಲಿಸಿದರೆ 600 ಅಳತೆಗಳಾದವು, ಅವುಗಳ ಸರಾಸರಿ ತೆಗೆದರೆ ದೋಷ ಹಲವು ಪಟ್ಟು ಕಡಿಮೆಯಾಗಬೇಕು ಎಂಬ ತರ್ಕ ಕೇಳಲು ಸರಿಯೆನಿಸುತ್ತದೆ. ಆದರೆ ಅವು 600 ಸ್ವತಂತ್ರ ಅಳತೆಗಳಲ್ಲ. ಅಯಾನುಗೋಳದ ಉಳಿಕೆ ದೋಷವಾಗಲಿ, ಕಕ್ಷೆಯ ದೋಷವಾಗಲಿ ಹತ್ತು ನಿಮಿಷದಲ್ಲಿ ಬದಲಾಗುವುದೇ ಕಡಿಮೆ. ಎಲ್ಲ ಅಳತೆಗಳೂ ಒಂದೇ ಕಡೆಗೆ ವಾಲಿರುತ್ತವೆ, ಸರಾಸರಿಯೂ ಅಲ್ಲಿಗೇ ವಾಲುತ್ತದೆ. ಒಂದೇ ಸಲ ಒಂದು ಗಂಟೆ ಕೂರುವುದಕ್ಕಿಂತ, ನಾಲ್ಕಾರು ಗಂಟೆಗಳ ಅಂತರದಲ್ಲಿ ಎರಡು ಮೂರು ಬಾರಿ ಅಳೆಯುವುದು ಒಳ್ಳೆಯದು. ಜಿಪಿಎಸ್ ಉಪಗ್ರಹಗಳು ಆಕಾಶದಲ್ಲಿ ಅದೇ ಜಾಗಗಳಿಗೆ ಮರಳಲು 23 ಗಂಟೆ 56 ನಿಮಿಷ ಬೇಕು. ಹಾಗಾಗಿ ಒಂದು ಪೂರ್ಣ ದಿನ ದಾಖಲಿಸಿದರೆ ಪ್ರತಿಫಲನದ ಇಡೀ ಆವೃತ್ತಿ ಒಮ್ಮೆ ಸುತ್ತಿ ಬಂದಂತಾಗುತ್ತದೆ. ಬಯಲಿನಲ್ಲಿ ಹೀಗೆ ಮಾಡಿದಾಗ ಅಡ್ಡ ಸ್ಥಾನ ಒಂದು ಮೀಟರಿನ ಆಸುಪಾಸಿಗೆ ಬರುವುದು ಅಪರೂಪವಲ್ಲ. ಎತ್ತರ ಮಾತ್ರ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಏಕೆಂದರೆ ಉಪಗ್ರಹಗಳೆಲ್ಲ ನಮ್ಮ ಮೇಲೆಯೇ ಇವೆ, ಕೆಳಗಿನಿಂದ ತಾಳೆ ನೋಡಲು ಯಾವುದೂ ಇಲ್ಲ.

ಒಂದೇ ಬ್ಯಾಂಡಿನಲ್ಲಿ ಅಡಗಿರುವ ನಿಜವಾದ ಬಂಡವಾಳ ವಾಹಕ ತರಂಗ. ಎಲ್1ರ ಸಾರ್ವಜನಿಕ ಕೋಡಿನ ಒಂದೊಂದು ತುಣುಕು ಸುಮಾರು 293 ಮೀಟರ್ ಉದ್ದ. ಅದರ ನೂರರಲ್ಲಿ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಅಳೆದರೂ ಮೂರು ಮೀಟರ್ ಉಳಿಯುತ್ತದೆ. ಆ ಕೋಡನ್ನು ಹೊತ್ತು ತರುವ ತರಂಗದ ಉದ್ದವಾದರೋ 19 ಸೆಂಟಿಮೀಟರ್, ಅದರ ಹಂತವನ್ನು (ತರಂಗ ತನ್ನ ಏರಿಳಿತದ ಯಾವ ಘಟ್ಟದಲ್ಲಿದೆ ಎಂಬುದನ್ನು) ಕೆಲವೇ ಮಿಲಿಮೀಟರ್‌ವರೆಗೆ ಅಳೆಯಬಹುದು. ತೊಡಕೊಂದೇ: ಅದು ಅಂಕಿಗಳು ಅಳಿಸಿಹೋದ ಟೇಪಿನ ಹಾಗೆ, ಗೀಟುಗಳೆಲ್ಲ ಸ್ಪಷ್ಟ, ಎಷ್ಟನೆಯ ಗೀಟು ಎಂಬುದು ತಿಳಿಯದು. ದೂರ ತಿಳಿಯದಿದ್ದರೂ ದೂರ ಎಷ್ಟು ಬದಲಾಯಿತು ಎಂಬುದು ತಿಳಿಯುತ್ತದಲ್ಲ, ಅದನ್ನೇ ಬಳಸಿ ಒರಟಾದ ಕೋಡ್ ಅಳತೆಯನ್ನು ನಯಗೊಳಿಸುವ ವಿಧಾನವನ್ನು ರಾನ್ ಹ್ಯಾಚ್ ಎಂಬ ತಂತ್ರಜ್ಞರು 1982ರಲ್ಲಿ ವಿವರಿಸಿದರು. ಇಂದಿಗೂ ಅದು ಹ್ಯಾಚ್ ಫಿಲ್ಟರ್ ಎಂದೇ ಹೆಸರಾಗಿದೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ಅಯಾನುಗೋಳ ಕೋಡನ್ನು ಎಷ್ಟು ಹಿಂದಕ್ಕೆ ಎಳೆಯುತ್ತದೆಯೋ ವಾಹಕದ ಹಂತವನ್ನು ಅಷ್ಟೇ ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ಅಯಾನುಗೋಳ ಬದಲಾಗುತ್ತ ಹೋದಂತೆ ಎರಡೂ ಅಳತೆಗಳು ಪರಸ್ಪರ ದೂರ ಸರಿಯುತ್ತವೆ. ಒಂದೇ ಬ್ಯಾಂಡಿನಲ್ಲಿ ಬಹಳ ಹೊತ್ತು ನಯಗೊಳಿಸುತ್ತ ಕೂತರೆ ಹೊಸ ದೋಷವೊಂದು ಒಳಸೇರುತ್ತದೆ. ವಿಮಾನಯಾನದ ರಿಸೀವರ್‌ಗಳು 100 ಸೆಕೆಂಡಿನ ಅವಧಿಯನ್ನು ಇಟ್ಟುಕೊಂಡಿರುವುದು ಈ ಕಾರಣಕ್ಕೆ. ಇದೇ ಗುಣವನ್ನು ತಿರುಗಿಸಿ ಲಾಭ ಮಾಡಿಕೊಳ್ಳುವುದೂ ಸಾಧ್ಯ: ಕೋಡ್ ಅಳತೆ ಮತ್ತು ಹಂತದ ಅಳತೆಯ ಸರಾಸರಿ ತೆಗೆದರೆ ಅಯಾನುಗೋಳದ ತಡ ಬಹುಮಟ್ಟಿಗೆ ತಾನೇ ಅಳಿಸಿಹೋಗುತ್ತದೆ, ಎರಡನೆಯ ಬ್ಯಾಂಡಿನ ಹಂಗಿಲ್ಲದೆ.

ವಿಮಾನಗಳ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅಮೆರಿಕದ ವಾಸ್, ಯುರೋಪಿನ ಎಗ್ನಾಸ್, ಜಪಾನಿನ ಎಮ್‌ಸಾಸ್, ಭಾರತದ ಗಗನ್ ಇವೆಲ್ಲ ತಿದ್ದುಪಡಿಗಳನ್ನು ಉಪಗ್ರಹದ ಮೂಲಕವೇ ಪ್ರಸಾರ ಮಾಡುವ ವ್ಯವಸ್ಥೆಗಳು, ಮತ್ತು ಇವು ಮಾತನಾಡುವುದು ಎಲ್1 ಬ್ಯಾಂಡಿನಲ್ಲೇ. ಇವನ್ನು ಕಟ್ಟಿದ್ದೇ ಒಂದೇ ಬ್ಯಾಂಡಿನ ರಿಸೀವರ್ ಇರುವ ವಿಮಾನಗಳಿಗಾಗಿ. ನೆಲದ ಮೇಲೆ ಹರಡಿದ ನಿಲ್ದಾಣಗಳು ಅಯಾನುಗೋಳವನ್ನು ಅಳೆದು, ಸಾಮಾನ್ಯವಾಗಿ ಐದೈದು ಡಿಗ್ರಿಗಳ ಜಾಲವಾಗಿ ಆ ತಡವನ್ನು ತಿಳಿಸುತ್ತವೆ; ಕ್ಲೋಬುಚಾರ್‌ನ ಎಂಟು ಅಂಕಿಗಳಿಗೆ ಹೋಲಿಸಿದರೆ ಇದು ಎಷ್ಟೋ ವಿವರವಾದ ನಕ್ಷೆ. ಸೇವಾ ವ್ಯಾಪ್ತಿಯೊಳಗೆ ಇದ್ದರೆ ಇದನ್ನು ಪಡೆಯಲು ಶುಲ್ಕವಿಲ್ಲ, ಹೆಚ್ಚಿನ ಸಾಧನವೂ ಬೇಡ. ಆದರೂ ಎಷ್ಟೋ ರಿಸೀವರ್‌ಗಳಲ್ಲಿ ಈ ಸೌಲಭ್ಯ ಆಫ್ ಮಾಡಿದ ಸ್ಥಿತಿಯಲ್ಲೇ ಉಳಿದಿರುತ್ತದೆ. ರಿಸೀವರ್ ಹೊರಹಾಕುವ ಜಿಜಿಎ ಎಂಬ ಸ್ಥಾನ-ಮಾಹಿತಿಯ ಸಾಲಿನಲ್ಲಿ ಗುಣಮಟ್ಟದ ಅಂಕಿ 1 ಇದ್ದರೆ ತಿದ್ದುಪಡಿ ಇಲ್ಲ, 2 ಇದ್ದರೆ ಇದೆ. ಇಷ್ಟನ್ನು ನೋಡಿಕೊಳ್ಳಲು ಅರ್ಧ ನಿಮಿಷ ಸಾಕು.

ಸೆಂಟಿಮೀಟರ್‌ಗಳೇ ಬೇಕೆನ್ನುವವರಿಗೆ ದಾರಿ ಬೇರೆ. ಸ್ಥಾನ ಖಚಿತವಾಗಿ ಗೊತ್ತಿರುವ ಬಿಂದುವಿನಲ್ಲಿ ಇನ್ನೊಂದು ರಿಸೀವರ್ ಇರಬೇಕು. ಎರಡೂ ಒಂದೇ ಉಪಗ್ರಹಗಳನ್ನು, ಹೆಚ್ಚುಕಡಿಮೆ ಒಂದೇ ಅಯಾನುಗೋಳದ ಮೂಲಕ ನೋಡುವುದರಿಂದ, ಒಂದರ ಅಳತೆಯಿಂದ ಇನ್ನೊಂದನ್ನು ಕಳೆದಾಗ ಇಬ್ಬರಿಗೂ ಸಮಾನವಾದ ದೋಷಗಳು ಹೊರಟುಹೋಗುತ್ತವೆ. ಎರಡನೆಯ ಬ್ಯಾಂಡ್ ಕೊಡುತ್ತಿದ್ದ ಲಾಭವನ್ನು ಇಲ್ಲಿ ನೆರೆಯ ರಿಸೀವರ್ ಕೊಡುತ್ತದೆ. ಅಳಿಸಿಹೋದ ಗೀಟುಗಳ ಸಂಖ್ಯೆಯನ್ನು ಪೂರ್ಣಾಂಕವಾಗಿ ಗುರುತಿಸಿಬಿಟ್ಟರೆ ಒಂದೇ ಬ್ಯಾಂಡಿನಲ್ಲೂ ಸೆಂಟಿಮೀಟರ್ ಮಟ್ಟದ ಫಲ ಸಿಗುತ್ತದೆ. ಷರತ್ತುಗಳು ಬಿಗಿಯಾಗಿವೆ: ಎರಡು ರಿಸೀವರ್‌ಗಳ ಅಂತರ ಸುಮಾರು 10 ಕಿಲೋಮೀಟರ್ ಮೀರಬಾರದು, ಆಕಾಶ ತೆರೆದಿರಬೇಕು, ತಾಳ್ಮೆ ಇರಬೇಕು. ಎರಡು ಬ್ಯಾಂಡಿನವು ಸೆಕೆಂಡುಗಳಲ್ಲಿ ಮುಗಿಸುವ ಈ ಲೆಕ್ಕಕ್ಕೆ ಒಂದೇ ಬ್ಯಾಂಡಿನದು ಹಲವು ನಿಮಿಷ ತೆಗೆದುಕೊಳ್ಳುತ್ತದೆ, ನಡುವೆ ಮರದ ಕೊಂಬೆಯೊಂದು ಅಡ್ಡಬಂದು ಹಿಡಿತ ತಪ್ಪಿದರೆ ಮತ್ತೆ ಮೊದಲಿನಿಂದ ಆರಂಭ. ನಿಂತಲ್ಲೇ ಉತ್ತರ ಬೇಡವಾದರೆ ಕಚ್ಚಾ ಅಳತೆಗಳನ್ನು (ಸ್ಥಾನವಾಗಿ ಲೆಕ್ಕ ಹಾಕುವ ಮುನ್ನಿನ ಕೋಡ್ ಮತ್ತು ಹಂತದ ಅಳತೆಗಳನ್ನು) ದಾಖಲಿಸಿಕೊಂಡು ಬಂದು, ಹತ್ತಿರದ ಸ್ಥಿರ ನಿಲ್ದಾಣದ ರೈನೆಕ್ಸ್ ಕಡತದ (ಅಂಥ ಅಳತೆಗಳನ್ನು ಹಂಚಿಕೊಳ್ಳುವ ಸಾಮಾನ್ಯ ರೂಪದ ಕಡತದ) ಜೊತೆಗೆ ಆಮೇಲೆ ಲೆಕ್ಕ ಹಾಕಬಹುದು. ಜಪಾನಿನ ತೊಮೋಜಿ ತಕಾಸು ಅವರು ರೂಪಿಸಿದ ಆರ್‌ಟಿಕೆಲಿಬ್ ಎಂಬ ಮುಕ್ತ ತಂತ್ರಾಂಶ ಈ ಕೆಲಸವನ್ನು ಮುಂದಿನಿಂದಲೂ ಹಿಂದಿನಿಂದಲೂ ಓಡಿಸಿ ತಾಳೆ ನೋಡುತ್ತದೆ. ಕೊಳ್ಳುವ ಮುನ್ನ ರಿಸೀವರ್ ಕಚ್ಚಾ ಅಳತೆಗಳನ್ನು ಕೊಡುತ್ತದೆಯೇ ಎಂದು ಕೇಳುವುದೊಂದೇ ಇಲ್ಲಿ ಮುಖ್ಯ. ಕೊಡದಿದ್ದರೆ ಈ ದಾರಿಯೆಲ್ಲ ಮುಚ್ಚಿದಂತೆ.

ಈ ವಿಧಾನದಲ್ಲಿ ನನಗೆ ನಿಜವಾದ ಅಪಾಯವೆನಿಸುವುದು ಸುಳ್ಳು ನಿಶ್ಚಯ. ತಂತ್ರಾಂಶ ಪೂರ್ಣಾಂಕಗಳು ಸಿಕ್ಕಿವೆ ಎಂದು ಸಾರಿ ಎರಡು ಸೆಂಟಿಮೀಟರಿನ ನಿಖರತೆ ತೋರಿಸುತ್ತಿರುತ್ತದೆ, ಒಂದೆರಡು ಪೂರ್ಣಾಂಕ ತಪ್ಪಿ ಸ್ಥಾನ ಮಾತ್ರ ಅರ್ಧ ಮೀಟರ್ ಆಚೆ ಇರುತ್ತದೆ. ಒಂದೇ ಬ್ಯಾಂಡಿನಲ್ಲಿ ತಾಳೆ ನೋಡಲು ಅಳತೆಗಳು ಕಡಿಮೆಯಿರುವುದರಿಂದ ಇದು ಹೆಚ್ಚು. ಹಿಡಿತವನ್ನು ಬೇಕೆಂದೇ ತಪ್ಪಿಸಿ ಇನ್ನೊಮ್ಮೆ ಪೂರ್ಣಾಂಕ ಹುಡುಕಿಸುವುದು, ಇಲ್ಲವೇ ಗಂಟೆ ಕಳೆದ ಮೇಲೆ ಅದೇ ಬಿಂದುವಿಗೆ ಮರಳಿ ಅಳೆಯುವುದು, ಇವೆರಡನ್ನು ಬಿಟ್ಟರೆ ನೆಚ್ಚಬಹುದಾದ ಪರೀಕ್ಷೆ ನನಗೆ ಕಾಣದು. ಮೂಲ ನಿಲ್ದಾಣದ ಸ್ಥಾನವೇ ತಪ್ಪಿದ್ದರೆ ಆ ತಪ್ಪು ಇಡಿಯಾಗಿ ಎಲ್ಲ ಬಿಂದುಗಳಿಗೂ ವರ್ಗವಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಮೊಬೈಲ್ ಫೋನುಗಳ ವಿಷಯದಲ್ಲಿ ಆಸೆ ಮಿತವಾಗಿರಲಿ. 2016ರ ಆಂಡ್ರಾಯ್ಡ್ 7ರಿಂದ ಕಚ್ಚಾ ಅಳತೆಗಳು ಸಿಗುತ್ತಿವೆ ನಿಜ. ಆದರೆ ಫೋನಿನ ಆಂಟೆನಾ ಉಪಗ್ರಹದ ವೃತ್ತಾಕಾರದ ಧ್ರುವೀಕರಣಕ್ಕೆ (ತರಂಗ ತಿರುಚುತ್ತ ಬರುವ ರೀತಿಗೆ; ಪುಟಿದಾಗ ಈ ತಿರುಚು ತಿರುವುಮುರುವಾಗುತ್ತದೆ) ಹೊಂದುವಂಥದ್ದಲ್ಲ, ಹಾಗಾಗಿ ಪುಟಿದು ಬಂದ ಸಿಗ್ನಲನ್ನು ತಡೆಯಲಾರದು. ಬ್ಯಾಟರಿ ಉಳಿಸಲು ಚಿಪ್ ಆಗಾಗ ಕಣ್ಣು ಮುಚ್ಚುವುದರಿಂದ ವಾಹಕದ ಹಂತದ ಎಣಿಕೆಯೂ ಕಡಿದುಹೋಗುತ್ತದೆ. ಮರಗಳ ಕೆಳಗೆ ಹಿಡಿದ ಎರಡು ಬ್ಯಾಂಡಿನ ಫೋನಿಗಿಂತ, ಬಯಲಿನಲ್ಲಿ ಲೋಹದ ತಟ್ಟೆಯ ಮೇಲೆ ಕೂರಿಸಿದ ಒಂದೇ ಬ್ಯಾಂಡಿನ ಆಂಟೆನಾ ಮೇಲು ಎಂದು ನಾನು ಧಾರಾಳವಾಗಿ ಹೇಳುತ್ತೇನೆ.

ಎಷ್ಟೋ ಕೆಲಸಗಳಿಗೆ ಇಷ್ಟೆಲ್ಲ ಬೇಕಾಗುವುದೂ ಇಲ್ಲ. ಒಂದು ತುಂಡು ಜಾಗದ ಸುತ್ತ ಹತ್ತು ನಿಮಿಷದಲ್ಲಿ ನಡೆದು ವಿಸ್ತೀರ್ಣ ತೆಗೆಯುವಾಗ, ಆ ಅವಧಿಯಲ್ಲಿ ಬದಲಾಗದ ದೋಷ ಇಡೀ ಆಕೃತಿಯನ್ನು ಪಕ್ಕಕ್ಕೆ ಸರಿಸುತ್ತದೆಯೇ ಹೊರತು ಅದರ ಆಕಾರವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಆದ್ದರಿಂದ ಸ್ಥಾನ ಮೂರು ಮೀಟರ್ ತಪ್ಪಿದ್ದರೂ ವಿಸ್ತೀರ್ಣ ಸಾಕಷ್ಟು ಸರಿಯಾಗಿರಬಹುದು. ಅರ್ಧ ಸುತ್ತು ನಡೆದು, ವಿಶ್ರಮಿಸಿ, ಎರಡು ಗಂಟೆಯ ನಂತರ ಉಳಿದರ್ಧ ಸುತ್ತಿದರೆ ಈ ಅನುಕೂಲ ಹೋಯಿತು. ಹಾಗೆಯೇ ನಡೆದ ದೂರ ಬೇಕಿದ್ದರೆ ಸ್ಥಾನದ ಚುಕ್ಕೆಗಳನ್ನು ಜೋಡಿಸಿ ಅಳೆಯುವುದಕ್ಕಿಂತ, ಡಾಪ್ಲರ್ ಪರಿಣಾಮದಿಂದ (ಚಲನೆಯಿಂದ ಸಿಗ್ನಲಿನ ಆವರ್ತನದಲ್ಲಾಗುವ ಬದಲಾವಣೆಯಿಂದ) ರಿಸೀವರ್ ನೇರವಾಗಿ ಅಳೆಯುವ ವೇಗವನ್ನು ಕೂಡಿಸುತ್ತ ಹೋಗುವುದು ಮೇಲು. ಬಯಲಿನಲ್ಲಿ ಆ ವೇಗ ಸೆಕೆಂಡಿಗೆ ಕೆಲವು ಸೆಂಟಿಮೀಟರ್‌ಗಳಷ್ಟು ಮಾತ್ರ ತಪ್ಪುತ್ತದೆ.

ಕೊನೆಯದಾಗಿ ತಮ್ಮಲ್ಲಿ ಒಂದು ಕೋರಿಕೆ. ಸಾಧನಗಳ ಪರಿಚಯ ಪ್ರಕಟವಾಗುವಾಗ ಇಷ್ಟು ಮೀಟರ್ ನಿಖರ ಎಂಬ ಅಂಕಿಯ ಜೊತೆಗೆ, ಅದು ನೂರಕ್ಕೆ ಎಷ್ಟು ಸಲ ನಿಜವಾಗುವ ಅಂಕಿ ಎಂಬುದನ್ನೂ ಮುದ್ರಿಸಬೇಕು. ತಯಾರಕರು ಸಾಮಾನ್ಯವಾಗಿ ಕೊಡುವ 2.5 ಮೀಟರ್ ಎಂಬಂಥ ಅಂಕಿಯ ಅರ್ಥ, ಅರ್ಧದಷ್ಟು ಅಳತೆಗಳು ಅಷ್ಟರೊಳಗೆ ಬೀಳುತ್ತವೆ ಎಂದಷ್ಟೇ. ನೂರಕ್ಕೆ 95 ಅಳತೆಗಳನ್ನು ಒಳಗೊಳ್ಳಬೇಕಾದರೆ ವೃತ್ತದ ತ್ರಿಜ್ಯ ಅದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗಿ, 5 ಮೀಟರ್ ದಾಟುತ್ತದೆ. ಅಕ್ಷಾಂಶ ರೇಖಾಂಶಗಳನ್ನು ಡಿಗ್ರಿಯಲ್ಲಿ ಎಂಟು ದಶಮಾಂಶ ಸ್ಥಾನಗಳವರೆಗೆ ಮುದ್ರಿಸುವ ರೂಢಿಯನ್ನೂ ಕೈಬಿಡುವುದು ಒಳಿತು. ಐದನೆಯ ದಶಮಾಂಶ ಸ್ಥಾನ ಅಕ್ಷಾಂಶದಲ್ಲಿ ಸುಮಾರು 1.1 ಮೀಟರ್, ಎಂಟನೆಯದು ಒಂದು ಮಿಲಿಮೀಟರಿನ ಆಸುಪಾಸು; ಫೋನಿನಿಂದ ಪಡೆದ ಸ್ಥಾನಕ್ಕೆ ಐದರಾಚೆ ಬರೆಯುವ ಅಂಕಿಗಳಿಗೆ ಬೆಲೆಯಿಲ್ಲ. ಎತ್ತರವನ್ನು ಮುದ್ರಿಸುವುದಾದರೆ ಅದು ಸಮುದ್ರಮಟ್ಟದಿಂದಲೋ, ಉಪಗ್ರಹ ವ್ಯವಸ್ಥೆ ಬಳಸುವ ದೀರ್ಘವೃತ್ತಜದಿಂದಲೋ (ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ಮೇಲ್ಮೈಯಿಂದಲೋ) ಎಂಬುದನ್ನು ತಿಳಿಸಲೇಬೇಕು. ಹಿಂದೂ ಮಹಾಸಾಗರದ ಒಂದು ಭಾಗದಲ್ಲಿ ಈ ಎರಡರ ನಡುವಿನ ವ್ಯತ್ಯಾಸವೇ ನೂರು ಮೀಟರ್ ಮೀರುತ್ತದೆ, ಅದನ್ನು ಯಾವ ಬ್ಯಾಂಡೂ ಸರಿಪಡಿಸಲಾರದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ